ಮಾರ್ಪಡಿಸಿದ ಹಳೆಯ ಪಿಕಪ್ ವಾಹನಗಳಿಗೆ ಹಿಂಬದಿಯ ಶಾಕ್ ಅಬ್ಸಾರ್ಬರ್ ಆಯ್ಕೆ: ವಾಹನ ಮಾಲೀಕರಿಗೆ ಮಾಹಿತಿ

ಅರ್ಹತಾ ಪತ್ರದ ಅಥವಾ ನೋಂದಣಿಯ ನವೀಕರಣ ಕೋರಿ ಹಳೆಯ ಪಿಕಪ್ ವಾಹನಗಳನ್ನು ತಪಾಸಣೆಗೆ ಹಾಜರುಪಡಿಸುವ ಮಾಲೀಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. ಜೀಪಿನ ಚಾಸಿಸ್ ಮೇಲೆ ಕಟ್ಟಲಾದ ಹಳೆಯ ಮಹೀಂದ್ರ ಪಿಕಪ್‌ಗಳು, 1988ರಲ್ಲಿ ಮಾರುಕಟ್ಟೆಗೆ ಬಂದ ಟಾಟಾಮೊಬೈಲ್ ಮತ್ತು ಅದೇ ವರ್ಗದ ಇತರ ವಾಹನಗಳು ಇಂದಿಗೂ ತೋಟದ ಕೆಲಸಕ್ಕೆ, ಸಣ್ಣ ವ್ಯಾಪಾರಕ್ಕೆ ಮತ್ತು ಹವ್ಯಾಸಕ್ಕಾಗಿ ಬಳಕೆಯಲ್ಲಿವೆ. ಇಂತಹ ವಾಹನಗಳು ಅನೇಕ ಮಾಲೀಕರ ಕೈ ದಾಟಿ ಬಂದಿರುವುದರಿಂದ, ಹಿಂಬದಿಯ ಕಮಾನು ಪಟ್ಟಿಗಳ ಕಟ್ಟಿಗೆ ಒಂದೆರಡು ಪಟ್ಟಿ ಸೇರಿಸಿರುವುದು, ಆಕ್ಸಲ್ ಮತ್ತು ಪಟ್ಟಿಗಳ ನಡುವೆ ಕಬ್ಬಿಣದ ದಿಮ್ಮಿ ಇಟ್ಟು ವಾಹನವನ್ನು ಎತ್ತರಿಸಿರುವುದು ಅಥವಾ ತಗ್ಗಿಸಿರುವುದು, ದೊಡ್ಡ ಟಯರ್ ಹಾಕಿರುವುದು ಸಾಮಾನ್ಯವಾಗಿ ಕಂಡುಬರುತ್ತದೆ.

ಇಂತಹ ವಾಹನದ ಮಾಲೀಕರು ಅಂಗಡಿಯಲ್ಲಿ ಮಾದರಿಯ ಹೆಸರನ್ನು ಮಾತ್ರ ತಿಳಿಸಿ ಶಾಕ್ ಅಬ್ಸಾರ್ಬರ್ ಕೊಳ್ಳುವುದು ಸೂಕ್ತವಲ್ಲ. ಮಾದರಿಯ ಹೆಸರಿಗೆ ದೊರೆಯುವ ಬಿಡಿಭಾಗವು ಆ ವಾಹನ ಕಾರ್ಖಾನೆಯಿಂದ ಹೊರಬಂದ ಸ್ಥಿತಿಗೆ ಹೊಂದುವಂತಹದು. ಮಾರ್ಪಾಡಾದ ವಾಹನದಲ್ಲಿ ಆಯ್ಕೆಗೆ ಆಧಾರವಾಗಬೇಕಾದುದು ವಾಹನದ ಇಂದಿನ ಅಳತೆ. ಉದ್ದ ತಪ್ಪಿದ ಶಾಕ್ ಅಬ್ಸಾರ್ಬರ್‌ನಿಂದ ಪ್ರಯಾಣ ಅಹಿತಕರವಾಗುವುದಲ್ಲದೆ, ಹಿಂಬದಿಯ ಬ್ರೇಕ್ ಹೋಸ್ ಹರಿದು ಬ್ರೇಕ್ ವಿಫಲವಾಗುವ ಸಂಭವವೂ ಇರುವುದರಿಂದ ಈ ವಿಷಯವನ್ನು ಮಾಲೀಕರು ಲಘುವಾಗಿ ಪರಿಗಣಿಸಬಾರದು.

ಶಾಕ್ ಅಬ್ಸಾರ್ಬರ್‌ನ ಕಾರ್ಯ

ವಾಹನದ ಮತ್ತು ಸರಕಿನ ಭಾರವನ್ನು ಹೊರುವುದು ಕಮಾನು ಪಟ್ಟಿಗಳು. ಶಾಕ್ ಅಬ್ಸಾರ್ಬರ್ ಭಾರ ಹೊರುವ ಭಾಗವಲ್ಲ. ಹಳ್ಳ ಅಥವಾ ಉಬ್ಬು ದಾಟಿದ ನಂತರ ಪಟ್ಟಿಗಳು ಮೇಲೆ ಕೆಳಗೆ ತೂಗಾಡುವುದನ್ನು ಬೇಗನೆ ನಿಲ್ಲಿಸುವುದು ಅದರ ಕೆಲಸ. ಕೊಳವೆಯೊಳಗಿನ ಪಿಸ್ಟನ್ ಚಲಿಸಿದಾಗ ಎಣ್ಣೆಯು ಸಣ್ಣ ರಂಧ್ರಗಳ ಮತ್ತು ಕವಾಟಗಳ ಮೂಲಕ ಹಾಯುತ್ತದೆ. ತೂಗಾಟದ ಶಕ್ತಿಯು ಶಾಖವಾಗಿ ಮಾರ್ಪಟ್ಟು ಕೊಳವೆಯ ಹೊರಮೈಯಿಂದ ಗಾಳಿಗೆ ಹೋಗುತ್ತದೆ. ಕೆಟ್ಟ ರಸ್ತೆಯಲ್ಲಿ ಬಹಳ ದೂರ ಓಡಿದ ನಂತರ ಕೈಯಿಟ್ಟು ನೋಡಿದರೆ ಕೊಳವೆ ಬಿಸಿಯಾಗಿರುವುದು ಇದೇ ಕಾರಣದಿಂದ. ಬಿಸಿಯಾಗಬೇಕಾದ ಸಂದರ್ಭದಲ್ಲಿ ಒಂದು ಬದಿಯ ಕೊಳವೆ ತಣ್ಣಗಿದ್ದರೆ ಅದು ಕೆಲಸ ಮಾಡುತ್ತಿಲ್ಲವೆಂದು ಭಾವಿಸಬಹುದು.

ಆದ್ದರಿಂದ, ಗಡಸು ಶಾಕ್ ಅಬ್ಸಾರ್ಬರ್ ಹಾಕಿಸಿದರೆ ಹೆಚ್ಚು ಸರಕು ಹೇರಬಹುದೆಂಬ ಅಭಿಪ್ರಾಯಕ್ಕೆ ಆಧಾರವಿಲ್ಲ. ವಾಹನ ಹೊರಬಹುದಾದ ಭಾರವು ನೋಂದಣಿ ಪತ್ರದಲ್ಲಿ ನಮೂದಾಗಿರುವ ಒಟ್ಟು ತೂಕಕ್ಕೆ ಸೀಮಿತ. ಬಿಡಿಭಾಗದ ಬದಲಾವಣೆಯಿಂದ ಆ ಅಂಕಿ ಬದಲಾಗುವುದಿಲ್ಲ. ಇದೇ ಸಂದರ್ಭದಲ್ಲಿ, ಗಾಳಿ ತುಂಬಿ ಎತ್ತರಿಸುವ ಶಾಕ್ ಅಬ್ಸಾರ್ಬರ್ ಮತ್ತು ಕೊಳವೆಯ ಸುತ್ತ ಸುರುಳಿ ಸ್ಪ್ರಿಂಗ್ ಸೇರಿಸಿದ ಬಗೆಯ ಕುರಿತೂ ಎಚ್ಚರಿಕೆ ಅಗತ್ಯ. ಇವು ಸರಕಿನ ಭಾರದ ಒಂದು ಪಾಲನ್ನು ಶಾಕ್ ಅಬ್ಸಾರ್ಬರ್ ಕೂರುವ ಬ್ರಾಕೆಟ್‌ಗೆ ವರ್ಗಾಯಿಸುತ್ತವೆ. ತೂಗಾಟ ತಡೆಯುವ ಬಲಕ್ಕೆ ಮಾತ್ರ ರೂಪಿಸಿದ ಹಳೆಯ ಬ್ರಾಕೆಟ್, ಅದೂ ದಶಕಗಳ ತುಕ್ಕು ಹಿಡಿದದ್ದು, ಭಾರ ಹೊರಲಾರದೆ ಚಾಸಿಸ್‌ನಿಂದ ಕಿತ್ತುಬರುವ ಸಾಧ್ಯತೆ ಇರುತ್ತದೆ. ಹಿಂಭಾಗ ಕುಸಿದಿದ್ದರೆ ಸರಿಪಡಿಸಬೇಕಾದುದು ಕಮಾನು ಪಟ್ಟಿಗಳನ್ನು.

ಬದಲಾವಣೆ ಅಗತ್ಯವೇ ಎಂಬುದನ್ನು ತಿಳಿಯುವ ಬಗೆ

ವಾಹನದ ಮೂಲೆಯನ್ನು ಕೈಯಿಂದ ಒತ್ತಿ ಬಿಟ್ಟು, ಎಷ್ಟು ಸಲ ಕುಣಿಯುತ್ತದೆಂದು ನೋಡುವ ರೂಢಿಯಿದೆ. ಕಾರುಗಳ ಮಟ್ಟಿಗೆ ಇದು ಸರಿ. ಕಮಾನು ಪಟ್ಟಿಗಳಿರುವ ಪಿಕಪ್‌ನಲ್ಲಿ ಪಟ್ಟಿಗಳು ಒಂದಕ್ಕೊಂದು ಉಜ್ಜುವುದರಿಂದಲೇ ಕುಣಿತ ನಿಲ್ಲಬಹುದಾದ ಕಾರಣ ಶಾಕ್ ಅಬ್ಸಾರ್ಬರ್ ಪೂರ್ಣ ಕೆಟ್ಟಿದ್ದರೂ ಪರೀಕ್ಷೆಯಲ್ಲಿ ಗೊತ್ತಾಗದು. ಕೆಳಗಿನ ಬೋಲ್ಟ್ ಬಿಚ್ಚಿ ಕೈಯಿಂದ ಎಳೆದು ಒತ್ತಿ ನೋಡುವುದು ಹೆಚ್ಚು ನಂಬಲರ್ಹ. ಎರಡೂ ದಿಕ್ಕಿನಲ್ಲಿ ಒಂದೇ ಸಮನಾದ ತಡೆ ಕಾಣಬೇಕು. ನಡುವೆ ಎಲ್ಲಿಯಾದರೂ ತಡೆಯಿಲ್ಲದೆ ಜಾರಿದರೆ ಅಥವಾ ಸಿಕ್ಕಿಕೊಂಡರೆ ಅದನ್ನು ಬದಲಿಸಬೇಕು. ಕೊಳವೆಯ ಮೇಲೆ ಧೂಳು ಅಂಟಿದ ತೆಳು ಎಣ್ಣೆಯ ಪಸೆ ಇದ್ದ ಮಾತ್ರಕ್ಕೆ ಕೆಟ್ಟಿದೆಯೆನ್ನಲಾಗದು. ಎಣ್ಣೆ ಹರಿದು ತೊಟ್ಟಿಕ್ಕುತ್ತಿದ್ದರೆ ಅಥವಾ ದಂಡ ಬಾಗಿದ್ದರೆ ಸಂದೇಹಕ್ಕೆ ಎಡೆಯಿಲ್ಲ. ಟಯರ್‌ನ ಮೈ ಅಲ್ಲಲ್ಲಿ ಗುಳಿ ಬಿದ್ದಂತೆ ಸವೆದಿರುವುದೂ ಒಂದು ಸೂಚನೆ.

ಒಂದು ಬದಿಯದು ಮಾತ್ರ ಕೆಟ್ಟಿದ್ದರೂ ಜೋಡಿಯಾಗಿ ಬದಲಿಸತಕ್ಕದ್ದು. ಒಂದೇ ಕೊಂಡು ಅರ್ಧ ಹಣ ಉಳಿಸಿದಂತೆ ಲೆಕ್ಕದಲ್ಲಿ ಕಂಡರೂ, ಎಡಬಲಗಳ ತಡೆ ಬೇರೆಯಾದ ವಾಹನ ತಿರುವಿನಲ್ಲಿ ಒಂದೊಂದು ಬದಿಗೆ ಒಂದೊಂದು ರೀತಿ ವರ್ತಿಸುತ್ತದೆ.

ಅಳತೆ ತೆಗೆದುಕೊಳ್ಳುವ ಕ್ರಮ

ಆಯ್ಕೆಯಲ್ಲಿ ಅತಿ ಮುಖ್ಯವಾದ ಭಾಗ ಇದು. ಅಳತೆಗೆ ಮುನ್ನ ಕಮಾನು ಪಟ್ಟಿಗಳು, ಶ್ಯಾಕಲ್‌ಗಳು, ಯು-ಬೋಲ್ಟ್‌ಗಳು ಮತ್ತು ಆಕ್ಸಲ್ ಮೇಲಕ್ಕೆ ಬಂದು ತಗಲುವ ಬಂಪ್ ಸ್ಟಾಪ್ ರಬ್ಬರುಗಳು ಸುಸ್ಥಿತಿಯಲ್ಲಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಹಳೆಯ ವಾಹನಗಳಲ್ಲಿ ಬಂಪ್ ಸ್ಟಾಪ್ ರಬ್ಬರು ಉದುರಿಹೋಗಿ ಬರಿಯ ತಗಡು ಉಳಿದಿರುವುದು ಹೊಸದೇನಲ್ಲ. ರಬ್ಬರು ಇಲ್ಲದ ವಾಹನದಲ್ಲಿ ತೆಗೆದ ಅಳತೆ ಉಪಯೋಗಕ್ಕೆ ಬಾರದು.

ವಾಹನವನ್ನು ಸಮತಟ್ಟಾದ ನೆಲದ ಮೇಲೆ, ಸಾಮಾನ್ಯವಾಗಿ ಬಳಸುವ ಸ್ಥಿತಿಯಲ್ಲಿ ನಿಲ್ಲಿಸಿ, ಶಾಕ್ ಅಬ್ಸಾರ್ಬರ್‌ನ ಮೇಲಿನ ಕಣ್ಣಿನ ಮಧ್ಯದಿಂದ ಕೆಳಗಿನ ಕಣ್ಣಿನ ಮಧ್ಯದವರೆಗಿನ ಅಂತರವನ್ನು ಬರೆದುಕೊಳ್ಳಬೇಕು. ಇದು ನಿಂತ ಸ್ಥಿತಿಯ ಉದ್ದ. ಬಳಿಕ ಬಂಪ್ ಸ್ಟಾಪ್ ರಬ್ಬರಿಗೂ ಅದು ತಗಲುವ ಜಾಗಕ್ಕೂ ನಡುವೆ ಇರುವ ತೆರಪನ್ನು ಅಳೆಯಬೇಕು. ಜೋರಾದ ಹೊಡೆತಕ್ಕೆ ರಬ್ಬರು ತನ್ನ ಎತ್ತರದ ಅರ್ಧದಷ್ಟು ಕುಗ್ಗಬಹುದೆಂದು ಲೆಕ್ಕ ಹಿಡಿಯುವುದು ಸುರಕ್ಷಿತ. ನಿಂತ ಸ್ಥಿತಿಯ ಉದ್ದದಿಂದ ಈ ಎರಡನ್ನೂ ಕಳೆದರೆ ಆಕ್ಸಲ್ ಗರಿಷ್ಠ ಮೇಲೆ ಬಂದಾಗ ಉಳಿಯುವ ಉದ್ದ ದೊರೆಯುತ್ತದೆ. ಹೊಸ ಶಾಕ್ ಅಬ್ಸಾರ್ಬರ್‌ನ ಪೂರ್ಣ ಕುಗ್ಗಿದ ಉದ್ದ ಇದಕ್ಕಿಂತ ಕನಿಷ್ಠ 10 ಮಿ.ಮೀ. ಕಡಿಮೆ ಇರಬೇಕು.

ಕೆಳಗಿನ ಮಿತಿಯನ್ನು ತಿಳಿಯಲು, ಚಾಸಿಸ್‌ನ ಕೆಳಗೆ ಗಟ್ಟಿಯಾದ ಸ್ಟ್ಯಾಂಡ್‌ಗಳನ್ನು ಕೊಟ್ಟು ಚಕ್ರಗಳು ನೆಲ ಬಿಡುವಂತೆ ಎತ್ತರಿಸಬೇಕು. ಆಕ್ಸಲ್‌ಗೆ ಇನ್ನೊಂದು ಜಾಕ್ ಆಧಾರವಾಗಿ ಕೊಟ್ಟು, ಹಳೆಯ ಶಾಕ್ ಅಬ್ಸಾರ್ಬರ್‌ಗಳ ಕೆಳತುದಿ ಬಿಚ್ಚಿ, ಜಾಕನ್ನು ನಿಧಾನವಾಗಿ ಇಳಿಸುತ್ತಾ ಬ್ರೇಕ್ ಹೋಸನ್ನು ಗಮನಿಸುತ್ತಿರಬೇಕು. ಹೋಸ್ ಬಿಗಿಯಾಗುವ ಸೂಚನೆ ಕಂಡಕೂಡಲೇ ಇಳಿಸುವುದನ್ನು ನಿಲ್ಲಿಸಬೇಕು. ಪಟ್ಟಿಗಳು ಪೂರ್ತಿ ಜೋತುಬಿದ್ದ ಸ್ಥಿತಿಯಲ್ಲಿ ಮೇಲಿನ ಮತ್ತು ಕೆಳಗಿನ ಬೋಲ್ಟ್‌ಗಳ ನಡುವಿನ ಅಂತರವೇ ಗರಿಷ್ಠ ಉದ್ದ. ಹೊಸದು ಇದಕ್ಕಿಂತ ಕನಿಷ್ಠ 10 ಮಿ.ಮೀ. ಹೆಚ್ಚು ಚಾಚುವಂತಿರಬೇಕು. ಬರಿಯ ಜಾಕ್‌ನ ಆಧಾರದ ಮೇಲೆ ನಿಂತ ವಾಹನದ ಕೆಳಗೆ ಯಾರೂ ಹೋಗಕೂಡದು.

ಉದಾಹರಣೆಗೆ, ಶಾಕ್ ಅಬ್ಸಾರ್ಬರ್ ಬಹುತೇಕ ನೇರವಾಗಿ ನಿಂತಿರುವ ಒಂದು ವಾಹನದಲ್ಲಿ ನಿಂತ ಸ್ಥಿತಿಯ ಉದ್ದ 450 ಮಿ.ಮೀ., ಬಂಪ್ ಸ್ಟಾಪ್ ತೆರಪು 75 ಮಿ.ಮೀ., ರಬ್ಬರಿನ ಎತ್ತರ 40 ಮಿ.ಮೀ. ಇದೆಯೆಂದು ಭಾವಿಸೋಣ. 450ರಿಂದ 75 ಮತ್ತು 20 ಕಳೆದರೆ 355. ಅಂದರೆ ಪೂರ್ಣ ಕುಗ್ಗಿದ ಉದ್ದ 345 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ ಇರುವುದನ್ನು ಕೇಳಬೇಕು. ಆಕ್ಸಲ್ ಜೋತುಬಿದ್ದಾಗ ಅಂತರ 545 ಮಿ.ಮೀ. ಆಗುವುದಾದರೆ ಪೂರ್ಣ ಚಾಚಿದ ಉದ್ದ 555 ಮಿ.ಮೀ.ಗೆ ಕಡಿಮೆ ಇರಬಾರದು. ಈ ಎರಡರ ವ್ಯತ್ಯಾಸವಾದ 210 ಮಿ.ಮೀ. ಚಲನೆಯಲ್ಲಿ, ವಾಹನ ನಿಂತಾಗ ಪಿಸ್ಟನ್ ಸರಿಸುಮಾರು ನಡುವೆ ಇರುತ್ತದೆ. ಇದು ಉತ್ತಮ ಸ್ಥಿತಿ. ಸಾಮಾನ್ಯವಾಗಿ ಒಟ್ಟು ಚಲನೆಯ ಶೇ. 40ರಿಂದ 60ರೊಳಗೆ ಬಂದರೆ ಸಾಕು. ಸದಾ ಸರಕು ಹೇರುವ ವಾಹನವಾದರೆ ಸರಕು ಸಹಿತವೂ ಒಮ್ಮೆ ಅಳೆದು ನೋಡುವುದು ಒಳ್ಳೆಯದು.

ಈ ಮಿತಿಗಳನ್ನು ಪಾಲಿಸದಿದ್ದಲ್ಲಿ ಆಗುವುದು ಇಷ್ಟು. ತಗ್ಗಿಸಿದ ವಾಹನಕ್ಕೆ ಮೂಲ ಉದ್ದದ್ದೇ ಹಾಕಿದರೆ, ಆಕ್ಸಲ್ ಬಂಪ್ ಸ್ಟಾಪಿಗೆ ತಗಲುವ ಮೊದಲೇ ಪಿಸ್ಟನ್ ತಳ ಮುಟ್ಟಿ ದಂಡ ಬಾಗುತ್ತದೆ ಅಥವಾ ಬ್ರಾಕೆಟ್ ಸೀಳುತ್ತದೆ. ಎತ್ತರಿಸಿದ ವಾಹನಕ್ಕೆ ಮೂಲ ಉದ್ದದ್ದು ಹಾಕಿದರೆ, ಪ್ರತಿ ಹಳ್ಳದಲ್ಲೂ ಆಕ್ಸಲ್‌ನ ಪೂರ್ಣ ತೂಕ ಶಾಕ್ ಅಬ್ಸಾರ್ಬರ್‌ಗೆ ನೇತುಬಿದ್ದು ಕಣ್ಣಿನ ಬೆಸುಗೆ ಕೀಳುತ್ತದೆ.

ಕಣ್ಣಿನ ಒಳವ್ಯಾಸ, ಬುಷ್‌ನ ಅಗಲ ಮತ್ತು ತುದಿಯ ಬಗೆ, ಅಂದರೆ ಬೋಲ್ಟ್ ಹಾಯುವ ಕಣ್ಣೋ, ತಿರುಪಿನ ಮೊಳೆಯೋ, ಅಡ್ಡ ಪಿನ್ನೋ ಎಂಬುದನ್ನೂ ಬರೆದುಕೊಂಡು ಹೋಗಬೇಕು. ಕಣ್ಣು ದೊಡ್ಡದಾಯಿತೆಂದು ಒಳಗೆ ತಗಡು ಸುತ್ತಿ ಕೂರಿಸುವ ಪದ್ಧತಿ ಸರ್ವಥಾ ಸಲ್ಲದು.

ಬ್ರೇಕ್ ಹೋಸ್ ಮತ್ತು ಭಾರ ಗ್ರಹಿಸುವ ಕವಾಟ

ಮೇಲೆ ಹೋಸನ್ನು ಗಮನಿಸಬೇಕೆಂದು ತಿಳಿಸಿದ್ದಕ್ಕೆ ಕಾರಣವಿದೆ. ಕೆಲವು ವಾಹನಗಳಲ್ಲಿ ಆಕ್ಸಲ್ ಎಷ್ಟು ಕೆಳಗೆ ಇಳಿಯಬಹುದೆಂಬ ಮಿತಿಯನ್ನು ಶಾಕ್ ಅಬ್ಸಾರ್ಬರ್‌ನ ಉದ್ದವೇ ನಿರ್ಧರಿಸುತ್ತಿರುತ್ತದೆ. ಅಲ್ಲಿ ಉದ್ದವಾದುದನ್ನು ಹಾಕಿದರೆ ಆ ಮಿತಿ ತಪ್ಪಿ, ಆಕ್ಸಲ್ ಮತ್ತಷ್ಟು ಇಳಿದು, ಚಾಸಿಸ್‌ನಿಂದ ಆಕ್ಸಲ್‌ಗೆ ಬರುವ ರಬ್ಬರಿನ ಬ್ರೇಕ್ ಹೋಸ್ ಎಳೆತಕ್ಕೆ ಸಿಲುಕುತ್ತದೆ. ನೆಲದ ಮೇಲೆ ನಿಂತ ವಾಹನದಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಘಟ್ಟದ ರಸ್ತೆಯ ಆಳವಾದ ಗುಂಡಿಯಲ್ಲಿ ಚಕ್ರ ಜೋತುಬಿದ್ದ ಕ್ಷಣದಲ್ಲಿ ಹೋಸ್ ಹರಿಯಬಹುದು. ಆದಕಾರಣ, ಆಕ್ಸಲ್ ಪೂರ್ತಿ ಇಳಿದಾಗಲೂ ಹೋಸ್ ಸಡಿಲವಾಗಿರಬೇಕು. ಹಾಗಿಲ್ಲದಿದ್ದರೆ, ಸರಿಯಾದ ಉದ್ದದ ಹೋಸನ್ನು ಹಾಕಿಸಿದ ಬಳಿಕವೇ ಅಥವಾ ಆಕ್ಸಲ್‌ನ ಇಳಿತವನ್ನು ತಡೆಯುವ ಪಟ್ಟಿಯನ್ನು ಅಳವಡಿಸಿದ ಬಳಿಕವೇ ಉದ್ದನೆಯ ಶಾಕ್ ಅಬ್ಸಾರ್ಬರ್ ಕೊಳ್ಳಬೇಕು. ಪ್ರೊಪೆಲ್ಲರ್ ಶಾಫ್ಟ್‌ನ ಜಾರುವ ಕೀಲು ಬಿಟ್ಟುಕೊಳ್ಳದಂತಿದೆಯೇ ಎಂಬುದನ್ನೂ ಅದೇ ಹೊತ್ತಿನಲ್ಲಿ ನೋಡಿಕೊಳ್ಳಬೇಕು.

ಕೆಲವು ಪಿಕಪ್‌ಗಳಲ್ಲಿ ಚಾಸಿಸ್ ಮತ್ತು ಆಕ್ಸಲ್ ನಡುವಿನ ಅಂತರವನ್ನು ಒಂದು ಸರಳಿನ ಮೂಲಕ ಗ್ರಹಿಸಿ ಹಿಂದಿನ ಬ್ರೇಕ್‌ನ ಒತ್ತಡವನ್ನು ನಿಯಂತ್ರಿಸುವ ಕವಾಟವಿರುತ್ತದೆ. ಹಿಂಭಾಗವನ್ನು ಎತ್ತರಿಸಿದರೆ ಕವಾಟವು ವಾಹನ ಖಾಲಿ ಇದೆಯೆಂದು ಗ್ರಹಿಸಿ ಹಿಂದಿನ ಬ್ರೇಕ್‌ಗೆ ಒತ್ತಡ ಕಡಿಮೆ ಮಾಡುತ್ತದೆ. ತಗ್ಗಿಸಿದರೆ ಇದಕ್ಕೆ ವಿರುದ್ಧವಾಗಿ ಖಾಲಿ ವಾಹನದಲ್ಲೂ ಒತ್ತಡ ಹೆಚ್ಚಾಗಿ, ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರಗಳು ಕಚ್ಚಿಕೊಂಡು ವಾಹನ ಅಡ್ಡ ತಿರುಗುವ ಅಪಾಯವಿದೆ. ಎತ್ತರ ಬದಲಾದ ವಾಹನದಲ್ಲಿ ಈ ಸರಳಿನ ಹೊಂದಾಣಿಕೆಯನ್ನು ತಯಾರಕರ ಸೇವಾ ಕೈಪಿಡಿಯಂತೆ ನುರಿತ ಮೆಕ್ಯಾನಿಕ್‌ರಿಂದ ಮಾಡಿಸತಕ್ಕದ್ದು.

ಗಡಸುತನ, ಓರೆ ಮತ್ತು ಬಗೆ

ಬೇಕಾಗುವ ತಡೆಯು ಪಟ್ಟಿಗಳ ಗಡಸುತನದ ವರ್ಗಮೂಲಕ್ಕೆ ಅನುಗುಣವಾಗಿ ಏರುತ್ತದೆ. ಪಟ್ಟಿ ಸೇರಿಸಿದ್ದರಿಂದ ಗಡಸುತನ ಶೇ. 44ರಷ್ಟು ಹೆಚ್ಚಿದ್ದರೆ, ಅದೇ ತೂಕಕ್ಕೆ ಶಾಕ್ ಅಬ್ಸಾರ್ಬರ್‌ನ ತಡೆ ಶೇ. 20ರಷ್ಟು ಹೆಚ್ಚಿದರೆ ಸಾಕಾಗುತ್ತದೆ. ಅಂಗಡಿಯಲ್ಲಿ ಅತಿ ಗಡಸಾದುದನ್ನು ಆರಿಸುವ ಮಾಲೀಕರು ಇದನ್ನು ಗಮನಿಸಬೇಕು. ಅಗತ್ಯ ಮೀರಿ ಗಡಸಾದರೆ ಖಾಲಿ ವಾಹನದ ಹಿಂದಿನ ಚಕ್ರಗಳು ಸಾಲು ಉಬ್ಬುಗಳ ಮೇಲೆ ನೆಲ ಬಿಟ್ಟು ಪುಟಿಯುತ್ತವೆ; ನೆಲ ಬಿಟ್ಟ ಚಕ್ರಕ್ಕೆ ಬ್ರೇಕ್ ಇದ್ದೂ ಇಲ್ಲದಂತೆ. ಹಳೆಯ ಅನೇಕ ಪಟ್ಟಿಗಳ ಕಟ್ಟನ್ನು ತೆಗೆದು, ಕಡಿಮೆ ಸಂಖ್ಯೆಯ ದಪ್ಪ ಪಟ್ಟಿಗಳ ಕಟ್ಟನ್ನು ಹಾಕಿಸಿದ್ದಲ್ಲಿ ಮಾತ್ರ ಪಟ್ಟಿಗಳ ನಡುವಿನ ಉಜ್ಜುವಿಕೆ ಕಡಿಮೆಯಾಗಿರುವುದರಿಂದ ಸ್ವಲ್ಪ ಹೆಚ್ಚು ತಡೆ ಬೇಕಾಗಬಹುದು. ವೇಬ್ರಿಡ್ಜ್‌ನಲ್ಲಿ ಹಿಂದಿನ ಆಕ್ಸಲ್ ಮಾತ್ರ ನಿಲ್ಲಿಸಿ, ಖಾಲಿ ಮತ್ತು ಸರಕು ಸಹಿತ ತೂಕಗಳನ್ನು ಪಡೆದು ಮಾರಾಟಗಾರರಿಗೆ ತೋರಿಸಿದರೆ ಆಯ್ಕೆ ಸುಲಭವಾಗುತ್ತದೆ. ತೂಕದ ಚೀಟಿಗೆ ತಗಲುವ ವೆಚ್ಚ ಅಲ್ಪ. ತಪ್ಪಾಗಿ ಕೊಂಡ ಜೋಡಿಯನ್ನು ಅಂಗಡಿಯವರು ಹಿಂದಕ್ಕೆ ಪಡೆಯುವುದು ಅಪರೂಪ.

ಶಾಕ್ ಅಬ್ಸಾರ್ಬರ್ ಓರೆಯಾಗಿ ನಿಂತಷ್ಟೂ ಅದರ ಪರಿಣಾಮ ಕುಂದುತ್ತದೆ. ಲಂಬದಿಂದ 20 ಡಿಗ್ರಿ ಓರೆಯಿದ್ದರೆ ಸುಮಾರು ಶೇ. 88, 30 ಡಿಗ್ರಿಯಲ್ಲಿ ಶೇ. 75, 45 ಡಿಗ್ರಿಯಲ್ಲಿ ಅರ್ಧ ಮಾತ್ರ ಉಳಿಯುತ್ತದೆ. ಟ್ಯಾಂಕ್ ಅಥವಾ ಸೈಲೆನ್ಸರ್‌ಗೆ ಜಾಗ ಮಾಡಲು ಹಿಂದಿನ ಮಾಲೀಕರು ಬ್ರಾಕೆಟ್ ಸರಿಸಿದ್ದರೆ, ಎಷ್ಟೇ ಬೆಲೆಯದು ಹಾಕಿದರೂ ಫಲ ಕಾಣದಿರಲು ಇದೇ ಕಾರಣವಿರಬಹುದು. ಕೆಲವು ವಾಹನಗಳಲ್ಲಿ ಒಂದು ಆಕ್ಸಲ್‌ನ ಮುಂದಕ್ಕೂ ಇನ್ನೊಂದು ಹಿಂದಕ್ಕೂ ಓರೆಯಾಗಿರುವುದು ತಯಾರಕರದೇ ವಿನ್ಯಾಸ; ಅದನ್ನು ತಪ್ಪೆಂದು ತಿದ್ದಬಾರದು.

ಎರಡು ಕೊಳವೆಗಳ ಸಾಮಾನ್ಯ ಬಗೆ ಕಡಿಮೆ ಬೆಲೆಯದು ಮತ್ತು ನಿತ್ಯದ ಬಳಕೆಗೆ ಸಾಕಾಗುತ್ತದೆ. ಕಡಿಮೆ ಒತ್ತಡದಲ್ಲಿ ನೈಟ್ರೋಜನ್ ತುಂಬಿದ ಎರಡು ಕೊಳವೆಗಳ ಬಗೆಯಲ್ಲಿ ಎಣ್ಣೆ ನೊರೆಯಾಗುವುದು ಕಡಿಮೆಯಾದುದರಿಂದ ಮಲೆನಾಡಿನ ಕಚ್ಚಾ ರಸ್ತೆಗಳಲ್ಲಿ ಓಡುವವರಿಗೆ ಆ ಹೆಚ್ಚುವರಿ ವೆಚ್ಚ ಸಾರ್ಥಕ. ಒಂದೇ ಕೊಳವೆಯ ಅಧಿಕ ಒತ್ತಡದ ಬಗೆ ಶಾಖವನ್ನು ಇನ್ನೂ ಚೆನ್ನಾಗಿ ಹೊರಹಾಕುತ್ತದೆ. ಆದರೆ ಅದರ ಕೊಳವೆಗೆ ಕಲ್ಲು ಬಡಿದು ತಗ್ಗು ಬಿದ್ದರೆ ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಎಣ್ಣೆ ತುಂಬಿ ಮರುಮಾರಾಟ ಮಾಡುವ ಹಳೆಯವುಗಳ ಪೈಕಿ, ಮೇಲ್ತುದಿಯಲ್ಲಿ ತಿರುಪಿನ ಮುಚ್ಚಳವಿದ್ದು ಸೀಲು ಬದಲಿಸಲು ಬರುವಂತಹವನ್ನು ಬಲ್ಲವರು ದುರಸ್ತಿ ಮಾಡಿದ್ದರೆ ಆಕ್ಷೇಪವಿಲ್ಲ. ಮುಚ್ಚಿದ ಕೊಳವೆಗೆ ತೂತು ಕೊರೆದು, ಎಣ್ಣೆ ಹುಯ್ದು, ಬೆಸುಗೆ ಹಾಕಿದವುಗಳನ್ನು ಕೊಳ್ಳಬಾರದು. ಅನಿಲ ತುಂಬಿದ ಕೊಳವೆಯನ್ನು ಕೊರೆಯುವುದು ಕೆಲಸಗಾರರ ಜೀವಕ್ಕೂ ಅಪಾಯಕಾರಿ.

ಎರಡು ಕೊಳವೆಗಳ ಬಗೆಯನ್ನು ಅಳವಡಿಸುವ ಮುನ್ನ ನೆಟ್ಟಗೆ ಹಿಡಿದು ನಾಲ್ಕಾರು ಸಲ ಪೂರ್ತಿ ಎಳೆದು ಒತ್ತಿ ಒಳಗಿನ ಗಾಳಿಯನ್ನು ಹೊರಡಿಸಬೇಕು. ರಬ್ಬರ್ ಬುಷ್‌ನ ಬೋಲ್ಟ್‌ಗಳನ್ನು, ಚಕ್ರಗಳು ನೆಲಕ್ಕಿಳಿದು ವಾಹನದ ಭಾರ ಪಟ್ಟಿಗಳ ಮೇಲೆ ಬಂದ ನಂತರವೇ ಅಂತಿಮವಾಗಿ ಬಿಗಿಯಬೇಕು. ನೇತಾಡುವ ಸ್ಥಿತಿಯಲ್ಲಿ ಬಿಗಿದರೆ ರಬ್ಬರು ಸದಾ ತಿರುಚಿಕೊಂಡಿದ್ದು ಬೇಗನೆ ಹರಿಯುತ್ತದೆ.

ಕಾಯ್ದೆಯ ಅವಕಾಶಗಳು

ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 52ರಂತೆ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ವಾಹನದ ಮೂಲ ಲಕ್ಷಣ ಬದಲಾಗುವಂತಹ ರಚನೆಯ ಬದಲಾವಣೆಯನ್ನು ಈ ಕಲಂ 'ಮಾರ್ಪಾಡು' ಎಂದು ವಿವರಿಸುತ್ತದೆ. ಸವೆದ ಶಾಕ್ ಅಬ್ಸಾರ್ಬರ್ ತೆಗೆದು, ಇರುವ ಬ್ರಾಕೆಟ್‌ನಲ್ಲೇ ಸರಿಹೊಂದುವ ಹೊಸದನ್ನು ಕೂರಿಸುವುದು ದುರಸ್ತಿಯ ಸ್ವರೂಪದ್ದು. ಚಾಸಿಸ್ ಕತ್ತರಿಸುವುದು, ಆಕ್ಸಲ್ ಸ್ಥಾನಾಂತರಿಸುವುದು, ಪಟ್ಟಿಗಳ ಬದಲು ಬೇರೆ ಬಗೆಯ ಸಸ್ಪೆನ್ಷನ್ ಕಟ್ಟುವುದು ಹಾಗಲ್ಲ. ಇಂತಹ ಕೆಲಸಕ್ಕೆ ಕೈಹಾಕುವ ಮುನ್ನವೇ ನೋಂದಣಿ ಪ್ರಾಧಿಕಾರವನ್ನು ಲಿಖಿತವಾಗಿ ವಿಚಾರಿಸತಕ್ಕದ್ದು. ಅನುಮತಿ ಪಡೆದು ಮಾಡಿದ ಮಾರ್ಪಾಡನ್ನು 14 ದಿನಗಳೊಳಗೆ ವರದಿ ಮಾಡಿ ನೋಂದಣಿ ಪತ್ರದಲ್ಲಿ ನಮೂದಿಸಿಕೊಳ್ಳಬೇಕಾಗುತ್ತದೆ.

ಅನುಮತಿಯಿಲ್ಲದ ಮಾರ್ಪಾಡಿಗೆ, 2019ರ ತಿದ್ದುಪಡಿಯಿಂದ ಸೇರ್ಪಡೆಯಾದ ಕಲಂ 182-ಎ ಅನ್ವಯ ವಾಹನದ ಮಾಲೀಕರಿಗೆ ಆರು ತಿಂಗಳವರೆಗಿನ ಕಾರಾವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಹೊಣೆ ಇಂದಿನ ಮಾಲೀಕರ ಮೇಲೆ ಬರುವ ಸಂಭವವಿರುವುದರಿಂದ, ಹಳೆಯ ಪಿಕಪ್ ಕೊಳ್ಳುವವರು ಹಣ ಪಾವತಿಸುವ ಮುನ್ನವೇ ವಾಹನದ ಕೆಳಗೆ ನೋಡಿ, ಕಂಡದ್ದನ್ನು ನೋಂದಣಿ ಪತ್ರದೊಂದಿಗೆ ತಾಳೆ ಹಾಕಿಕೊಳ್ಳುವುದು ಕ್ಷೇಮ.

ಮೊದಲ ನೋಂದಣಿಯಿಂದ 50 ವರ್ಷ ಮೀರಿದ ವಾಹನಗಳನ್ನು, 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಲಾದ ನಿಯಮಗಳಂತೆ, ವಿಂಟೇಜ್ ವಾಹನವಾಗಿ ನೋಂದಾಯಿಸಲು ಅವಕಾಶವಿದೆ. ಹೊಸ ನೋಂದಣಿಗೆ 20,000 ರೂ. ಶುಲ್ಕವಿದ್ದು, ಅದು 10 ವರ್ಷಗಳವರೆಗೆ ಊರ್ಜಿತದಲ್ಲಿರುತ್ತದೆ. ಆದರೆ ವಾಹನ ಮೂಲ ರೂಪದಲ್ಲಿರಬೇಕು. ಚಾಸಿಸ್, ಬಾಡಿ ಅಥವಾ ಎಂಜಿನ್‌ನಲ್ಲಿ ಮಾರ್ಪಾಡು ಆಗಿರಬಾರದು. ಹೀಗೆ ನೋಂದಾಯಿಸಿದ ವಾಹನವನ್ನು ನಿತ್ಯದ ಓಡಾಟಕ್ಕಾಗಲಿ ವಾಣಿಜ್ಯ ಬಳಕೆಗಾಗಲಿ ಉಪಯೋಗಿಸುವಂತಿಲ್ಲ. ಮುಂದೆ ಈ ವರ್ಗದಲ್ಲಿ ಅರ್ಜಿ ಸಲ್ಲಿಸುವ ಉದ್ದೇಶವುಳ್ಳವರು ಹೊಸ ಬ್ರಾಕೆಟ್‌ಗಾಗಿ ಚಾಸಿಸ್‌ಗೆ ಬೆಸುಗೆ ಹಾಕಿಸದಿರುವುದು ಲೇಸು.

ತಪಾಸಣೆಗೆ ಹಾಜರುಪಡಿಸುವಾಗ

ಸಾರಿಗೆ ವಾಹನವಾಗಿ ನೋಂದಣಿಯಾದ ಪಿಕಪ್‌ಗೆ ಕಲಂ 56ರಂತೆ ಅರ್ಹತಾ ಪತ್ರ ಕಡ್ಡಾಯ. 8 ವರ್ಷ ಮೀರಿದ ವಾಹನಗಳಿಗೆ ಇದನ್ನು ಪ್ರತಿ ವರ್ಷ ನವೀಕರಿಸಿಕೊಳ್ಳಬೇಕು. ಸಾರಿಗೆಯೇತರ ವಾಹನವಾಗಿದ್ದಲ್ಲಿ 15 ವರ್ಷಗಳ ನಂತರ ನಮೂನೆ 25ರಲ್ಲಿ ನೋಂದಣಿ ನವೀಕರಣಕ್ಕೆ ಅರ್ಜಿ ಸಲ್ಲಿಸಬೇಕು. ಅವಧಿ ಮುಗಿಯುವ ದಿನಕ್ಕೆ 60 ದಿನಗಳಿಗಿಂತ ಮುಂಚಿತವಾಗಿ ಸಲ್ಲಿಸಲು ಅವಕಾಶವಿಲ್ಲ. ನವೀಕರಣವು 5 ವರ್ಷಗಳಿಗೆ ದೊರೆಯುತ್ತದೆ.

ಹೊಸ ಶಾಕ್ ಅಬ್ಸಾರ್ಬರ್ ಹಾಕಿಸಿದ ಮರುದಿನವೇ ವಾಹನ ತರುವ ಬದಲು ಕೆಲವು ದಿನ ಓಡಿಸಿ, ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿ ನೋಡಿಸಿಕೊಂಡು ಬರುವುದು ಉತ್ತಮ. ಹಿಂಭಾಗದ ಎತ್ತರ ಬದಲಾಗಿದ್ದರೆ ಹೆಡ್‌ಲೈಟ್‌ಗಳ ದಿಕ್ಕೂ ಬದಲಾಗಿರುವುದರಿಂದ ಅದನ್ನು ಸರಿಪಡಿಸಿಕೊಂಡಿರಬೇಕು. ಎಡಬಲ ಎರಡರ ಬಿಡಿಭಾಗ ಸಂಖ್ಯೆಯೂ ನಮೂದಾಗಿರುವ ಖರೀದಿ ಬಿಲ್ಲನ್ನು ಕೇಳಿ ಪಡೆದು ವಾಹನದ ದಾಖಲೆಗಳೊಂದಿಗೆ ಇಟ್ಟುಕೊಳ್ಳಬೇಕು. ವಾರಂಟಿಗೂ, ವಿಮಾ ಕ್ಲೇಮಿನ ಸಂದರ್ಭದಲ್ಲಿ ಪ್ರಶ್ನೆ ಎದ್ದರೂ ಇದೇ ಆಧಾರ. ಯಾವುದೇ ತಯಾರಕರ ಅಥವಾ ಮಾರಾಟಗಾರರ ಹೆಸರನ್ನು ಕಚೇರಿಯಿಂದ ಶಿಫಾರಸು ಮಾಡಲಾಗುವುದಿಲ್ಲ. ವಾಹನವನ್ನು ಸರಕಿಲ್ಲದೆ, ಕೆಳಭಾಗದ ಕೆಸರು ತೊಳೆದು ಹಾಜರುಪಡಿಸಬೇಕಾಗಿ ಕೋರಲಾಗಿದೆ. ಕೆಸರು ಮೆತ್ತಿದ ಬ್ರಾಕೆಟ್‌ನ ಬಿರುಕು ತಪಾಸಣೆ ಮಾಡುವವರಿಗೂ ಕಾಣದು, ಮಾಲೀಕರಿಗೂ ಕಾಣದು.